ಫ್ರಿಜ್‌ನೊಳಗಿನ ಕೆಂಪು ಗೆರೆ

2 ಜೂನ್, ಸೋಮವಾರ
ನೂರಿಪ್ಪತ್ತು ಕ್ಯುವೆಟ್ ತೊಳೆದೆ. ಬೆರಳುದ್ದದ ಗಾಜಿನ ಡಬ್ಬಿಗಳು. ಅದರಲ್ಲಿ ಲಸಿಕೆ ಹಾಕಿ ಮೆಷಿನ್‌ಗೆ ಕೊಟ್ಟರೆ ಒಳಗಿನ ಕಣ ಎಷ್ಟು ದಪ್ಪ ಎಂದು ಹೇಳುತ್ತದೆ. ಒಂದು ಬೆರಳಚ್ಚು ಉಳಿದರೂ ಅಳತೆ ತಪ್ಪು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈ ಲಸಿಕೆ ಲ್ಯಾಬ್‌ನ ಮೂವತ್ತೊಂದು ವರ್ಷದಲ್ಲಿ ಒಂದು ಬೆರಳಚ್ಚೂ ಬಿಟ್ಟಿಲ್ಲ.
ಈ ತಿಂಗಳ ಮೂವತ್ತಕ್ಕೆ ರಿಟೈರ್.

4 ಜೂನ್, ಬುಧವಾರ
ಆರು ತಿಂಗಳು ಫ್ರಿಜ್‌ನಲ್ಲಿಟ್ಟ ಲಸಿಕೆ ಕೆಟ್ಟಿದೆಯೇ ಎಂದು ಲ್ಯಾಬ್‌ನ ವಿಜ್ಞಾನಿ ಯಕ್ಷಿತಾ ಪರೀಕ್ಷೆ ಮಾಡಿದಳು. ಕಣಗಳು ಮುದ್ದೆಯಾಗಿವೆ. ಇಡೀ ಬ್ಯಾಚ್ ಕಸಕ್ಕೆ ಹೋಗಬಹುದು.
ಸಾಹೇಬ ತುಷಾರ್ ನೇರ ನನ್ನ ಸಿಂಕ್‌ಗೆ ಬಂದ. "ಐತಣ್ಣ, ಕ್ಯುವೆಟ್ ಸಾಫ್ ಇರ್ಲಿಲ್ವೇನೋ?"
"ಬರೀ ನೀರು ಹಾಕಿ ನೋಡಿ. ಕಸ ಸಿಕ್ಕಿದ್ರೆ ಇವತ್ತೇ ಮನೆಗೆ ಹೋಗ್ತೇನೆ!"
ಹಾಕಿದರು. ಏನೂ ಇಲ್ಲ. ಸಾಹೇಬ ತಿರುಗಿ ಹೋದ.

5 ಜೂನ್, ಬೆಳಿಗ್ಗೆ 6
ಚಹಾ ಕುಡಿಯುವಾಗ ನೆನಪಾಯಿತು. ಶನಿವಾರ ಆ ಫ್ರಿಜ್ ಒರೆಸಿದವನು ನಾನೇ. ಟ್ರೇ ಕೂರಲಿಲ್ಲವೆಂದು ಸಿಟ್ಟಿನಲ್ಲಿ ತಳ್ಳಿದ್ದೆ — ಹಿಂದಿನ ಗೋಡೆಗೆ ತಾಗುವಷ್ಟು. ಅಲ್ಲಿ ಐಸ್ ಕಟ್ಟುತ್ತದೆ. ಈ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದರೂ ಮುದ್ದೆಯೇ.
ಸುಮ್ಮನಿದ್ದರೆ ಬೇರೆ ಫ್ರಿಜ್‌ನಲ್ಲಿರುವ ಒಳ್ಳೆಯ ಬಾಟಲಿಗಳೂ ಕಸಕ್ಕೆ ಹೋಗುತ್ತವೆ. ಹೇಳಿದರೆ ನನ್ನ ಮೂವತ್ತೊಂದು ವರ್ಷ…

5 ಜೂನ್, ಸಂಜೆ
ಹೇಳಿದೆ. ಯಕ್ಷಿತಾ ಗಾಬರಿ. "ಕಿಸೀಕೋ ಮತ್ ಬೋಲೋ ಐತಣ್ಣ, ಯಾರಿಗೂ ಹೇಳ್ಬೇಡಿ… ರಿಟೈರ್‌ಮೆಂಟ್ ಇದೆ ನಿಮ್ದು."
"ಎಂತ ಮಾತಾಡ್ತಿ ನೀನು? ರಿಜಿಸ್ಟರ್ ತಾ."
ಕನ್ನಡದಲ್ಲೇ ಬರೆದೆ. ಟ್ರೇ ತಳ್ಳಿದ್ದು ನಾನು. ಐತ.
ಆ ಮೂಲೆಗೆ ಥರ್ಮಾಮೀಟರ್ ಇಟ್ಟರು. ಸೊನ್ನೆಗಿಂತ ಕೆಳಗೆ.

16 ಜೂನ್, ಸೋಮವಾರ
ಬೇರೆ ಫ್ರಿಜ್‌ನಲ್ಲಿದ್ದ ಅದೇ ಬ್ಯಾಚಿನ ಬಾಟಲಿಗಳನ್ನು ಅಳೆದರು. ನನ್ನ ಕ್ಯುವೆಟ್‌ನಲ್ಲೇ. ಕಣದ ದಪ್ಪ ಆರು ತಿಂಗಳ ಹಿಂದಿನಷ್ಟೇ, ಮುದ್ದೆ ಇಲ್ಲ. ಬ್ಯಾಚ್ ಉಳಿಯಿತು!
ಟ್ರೇ ತಳ್ಳಿದ ತಪ್ಪಿಗೆ ನನಗೊಂದು ಮೆಮೊ. ಜೀವಮಾನದ ಮೊದಲನೆಯದು. ಮಡಚಿ ಕಿಸೆಯಲ್ಲಿಟ್ಟಿದ್ದೇನೆ, ನಾಚಿಕೆ ಇಲ್ಲ.
ಫ್ರಿಜ್‌ನೊಳಗೆ ಕೆಂಪು ಟೇಪ್ ಅಂಟಿಸಿದೆ. ಟ್ರೇ ಇದರಾಚೆ ಹೋಗಕೂಡದು.

30 ಜೂನ್, ಸೋಮವಾರ
ಹಾರ. ಸಮೋಸ. ತುಷಾರ್ ಭಾಷಣ — ಕೇಳಲಿಲ್ಲ, ಕಣ್ಣು ಫ್ರಿಜ್ ಮೇಲೆ. ನನ್ನ ಜಾಗಕ್ಕೆ ಬಂದ ಚಂಪಾ ಅದರೊಳಗೆ ಟ್ರೇ ಇಡುತ್ತಿದ್ದಳು.
"ಈ ಕೆಂಪು ಪಟ್ಟಿ ಎಂತದ್ದು?"
"ಐತಣ್ಣ ಲೈನ್," ಯಕ್ಷಿತಾ ಹೇಳಿದಳು. "ಕ್ರಾಸ್ ಮಾಡ್ಬಾರ್ದು."
ಲ್ಯಾಬ್‌ನಲ್ಲಿ ಎಲ್ಲರೂ ಹಾಗೇ ಕರೆಯುತ್ತಾರಂತೆ. ನನಗೇ ಗೊತ್ತಿರಲಿಲ್ಲ.
ಆ ಚಂಪಾ ಒಂದು ಬೆರಳು ಆಚೆ ಇಟ್ಟಿದ್ದಳು. ಹಾರ ಹಾಕಿಕೊಂಡೇ ಬೈದೆ. ಸರಿ ಮಾಡಿದಳು. ಆದರೂ ನಾಳೆ ಬೆಳಿಗ್ಗೆ ಹೋದ ಕೂಡಲೇ ಒಮ್ಮೆ ನೋಡ—