ಒಂದೇ ಪಿನ್ನಿಗೆ ಏಳು ಶಿಫಾರಸು

ಗಂಜಾಂ, ಶ್ರೀರಂಗಪಟ್ಟಣ
೨೧ ಜುಲೈ ೨೦೨೪

ಪ್ರೀತಿಯ ರವೀಂದ್ರ,

ಸಲಾಮೂ ನಮಸ್ಕಾರವೂ. ಮೊದಲಿಗೆ, ಕಟಕಟೆಯಲ್ಲಿ ಕೈಕಟ್ಟಿ ನಿಂತವನ ಗಾಂಭೀರ್ಯದಿಂದ ಒಂದು ತಪ್ಪೊಪ್ಪಿಗೆ. ನಾನು ನಿವೃತ್ತನಾದ ದಿನ ಪಾಂಡವಪುರದ ನಮ್ಮ ಸ್ಟಾಫ್ ರೂಮಿನಿಂದ ಕಾಣೆಯಾದ ನಿನ್ನ ಹಸಿರು ಸ್ಟೇಪ್ಲರ್ ನನ್ನ ಚೀಲದಲ್ಲಿತ್ತು. ನೀನು ಅಟೆಂಡರ್ ಕುಳ್ಳಯ್ಯನನ್ನು ಬೈಯುತ್ತಿದ್ದೆ. ನಾನು ಸನ್ಮಾನದ ಹಾರದ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಪಿಂಚಣಿದಾರನಿಗೆ ಪಿನ್ನಿನ ಮೇಲೂ ಕೊಂಚ ಹಕ್ಕಿರಬೇಕೆಂದು ಸಮಾಧಾನ ಮಾಡಿಕೊಂಡೆ.

ನಾಗಮಂಗಲದ ಹೊಸ ಕಾಲೇಜು, ನಿನ್ನ ಹಳೆಯ ಮಂಡಿನೋವು, ಎರಡೂ ಹೇಗಿವೆ? ನಿನ್ನ ಕಾಗದ ಬಂದು ತಿಂಗಳಾಯಿತು. "ರಂಜಿತಳ ಸೀಟು ಏನಾಯಿತು?" ಎಂಬ ಅದರ ಕೊನೆಯ ಸಾಲಿಗೆ ಹೆದರಿ ತಡಮಾಡಿದೆ.

ಸಿಗಲಿಲ್ಲ ಕಣಯ್ಯ.

ನಡೆದದ್ದು ಹೀಗೆ. ಆ ಖಾಸಗಿ ಕಾಲೇಜು ಫೀಸು, ಹಾಸ್ಟೆಲು ಎಲ್ಲ ಮಾಫಿ ಮಾಡುವ ಸೀಟಿಗೆ ಎರಡು ಶಿಫಾರಸು ಪತ್ರ ಕೇಳಿತ್ತು. ರಂಜಿತ ನಿನ್ನದನ್ನು ಹಿಡಿದು, ಅಪ್ಪ ಹೊನ್ನಪ್ಪನ ಜೊತೆ ತೊಣ್ಣೂರಿನಿಂದ ನಮ್ಮ ಮನೆಗೆ ಬಂದಳು. ಹೊನ್ನಪ್ಪ ನನ್ನ ಹಳೆಯ ಶಿಷ್ಯ. ಆಲೆಮನೆಯ ಗಾಣಕ್ಕೆ ಬಲಗೈ ಸಿಕ್ಕಿಸಿಕೊಂಡವನು, ನಿನಗೆ ಗೊತ್ತು. ನನ್ನ ಪತ್ರವೊಂದು ಸೇರಿದರೆ ಲೆಕ್ಕ ಮುಗಿಯುತ್ತಿತ್ತು. ಆದರೆ ಎರಡೇ ಕಾಗದಕ್ಕೆ ನಮ್ಮ ಸೀಮೆಯಲ್ಲಿ ಯಾರು ಕತ್ತೆತ್ತಿ ನೋಡುತ್ತಾರೆ? ಟ್ರಾನ್ಸ್‌ಫಾರ್ಮರ್ ಹಾಕಿಸುವುದಕ್ಕೂ ನಾಲ್ಕು ಜನರ ಸಹಿ ಬೇಕು.

"ಸಾ, ಎಲ್ಡೇ ಸಾಕಂತೆ. ಜಾಸ್ತಿ ಆದ್ರೆ ಓದಾಕಿಲ್ವಂತೆ," ಅಂದಳು ಹುಡುಗಿ.

"ಸುಮ್ಕಿರವ್ವ, ಸಾಯೇಬ್ರಿಗೆ ಗೊತ್ತಿಲ್ವಾ? ನಾಕ್ ಜನ ದೊಡ್ಡೋರು ಹೇಳುದ್ರೆ ತೂಕ ಬತ್ತದೆ," ಅಂದ ಹೊನ್ನಪ್ಪ.

ನಾನೂ ಮೀಸೆ ತಿರುವಿದೆ. "ಶಿಫಾ ಅಂದ್ರೆ ನಮ್ಮ ಉರ್ದುವಿನಲ್ಲಿ ವಾಸಿಯಾಗೋದು ಮಗಾ. ಅದಕ್ಕೆ ರಸ ಸೇರಿಸಿದ್ರೇ ಶಿಫಾರಸು. ರಸ ಹಾಕೋದು ನನಗೆ ಬಿಡು!" ಹೊನ್ನಪ್ಪ ಜೋರಾಗಿ ನಕ್ಕ. ಹುಡುಗಿ ನಗಲಿಲ್ಲ.

ಆಮೇಲೆ ಸುತ್ತಾಟ. ಡೇರಿ ಸಂಘದ ಅಧ್ಯಕ್ಷ ಕೆಂಪಣ್ಣ ಬರೆದುಕೊಟ್ಟ: "ಈ ಹುಡುಗಿಯ ಮನೆಯ ಹಾಲು ಎಂದೂ ವಾಪಸ್ಸಾಗಿಲ್ಲ." ಕೆ.ಆರ್. ಪೇಟೆಯಲ್ಲಿ ಒಬ್ಬ ನಿವೃತ್ತ ತಹಸೀಲ್ದಾರರನ್ನು ಹಿಡಿದೆ. ಅವರು ಹುಡುಗಿಯನ್ನೇ ನೋಡದೆ "ಸಚ್ಚಾರಿತ್ರ್ಯವಂತೆ" ಎಂದು ಸಹಿ ಜಡಿದರು. ಒಟ್ಟು ಏಳು ಕೂಡಿದವು. ನನ್ನದು ಮೂರು ಪುಟ. ಬಡಾಯಿಯಲ್ಲ ರವೀಂದ್ರ, ಅದನ್ನು ಓದಿದವರಿಗೆ ರಂಜಿತ ಎದುರಿಗೇ ಬಂದು ನಿಂತಂತಾಗಬೇಕು, ಅಂಥ ಪತ್ರ. ನನ್ನ ಶಿಫಾರಸು ಹಿಡಿದು ಹೋದವರು ಈವರೆಗೆ ಬರಿಗೈಲಿ ಬಂದದ್ದಿಲ್ಲ.

ಜೂನ್ ಮೊದಲ ವಾರ ಉತ್ತರ ಬಂತು. "ನಿಯಮದಂತೆ ಮೊದಲ ಎರಡು ಪತ್ರಗಳನ್ನು ಮಾತ್ರ ಓದಲಾಗಿದೆ. ಪ್ರಥಮ ಪಿಯುಸಿಯಲ್ಲಿ ಅಂಕಗಳು ಏಕೆ ಕುಸಿದವೆಂಬುದಕ್ಕೆ ಅವುಗಳಲ್ಲಿ ವಿವರಣೆ ಇಲ್ಲ. ವಿಷಾದಿಸುತ್ತೇವೆ." ಏಕೆ ಕುಸಿದವೆಂದು ಬರೆದಿದ್ದವನು ನೀನೊಬ್ಬನೇ. ಅಪ್ಪನ ಕೈ ಹೋದ ವರ್ಷ ಅವಳು ಹಾಲು ಕರೆದು, ಅವನಿಗೆ ತುತ್ತು ತಿನ್ನಿಸಿ, ಎರಡನೆಯ ಪೀರಿಯಡ್ಡಿಗೆ ಓಡಿಬರುತ್ತಿದ್ದದ್ದು. ನಿನ್ನ ಪತ್ರ ಕಟ್ಟಿನ ತಳದಲ್ಲಿತ್ತು. ಸೈಬರ್ ಅಂಗಡಿಯ ಮತೀನ್ ಸ್ಕ್ಯಾನ್ ಮಾಡುವಾಗ ಹಿಂದುಮುಂದು ಮಾಡಿಬಿಟ್ಟ. ಅವನಿಗೆ ಚೆನ್ನಾಗಿ ಉಗಿದು ಬಂದೆ.

ಹುಡುಗಿ ಈಗ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾಳೆ. ಬೆಳಿಗ್ಗೆ ಹಾಲಿಗೆ ಹೋದಾಗ ಹೆದ್ದಾರಿಯ ಬದಿಯಲ್ಲಿ ಆ ವ್ಯಾನು ಕಾಣುತ್ತದೆ. ಒಮ್ಮೆ ಕಿಟಕಿಯಿಂದ "ನಮಸ್ಕಾರ ಸಾ" ಅಂದಳು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕು ಅಂದೆ. "ಈ ವರ್ಸ ಪಾಸಾದೋರಿಗೆ ಮಾತ್ರ ಅಂತೆ ಸಾ," ಅಂದಳು. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು.

ಜೀನತ್ ನಿನಗೂ ಮೇಘನಳಿಗೂ ಸಲಾಂ ತಿಳಿಸಿದ್ದಾಳೆ. ನಿನ್ನ ಮಂಡಿ ಮಡಚಲಿ, ಮನೆ ನಗುತ್ತಿರಲಿ, ಅಲ್ಲಾಹ್ ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಹುಸೇನ್

ಮರೆತ ಮಾತು: ಮರೆತದ್ದಲ್ಲ. ಮತೀನ್ ಏನನ್ನೂ ಹಿಂದುಮುಂದು ಮಾಡಲಿಲ್ಲ. ಕಟ್ಟಿನಲ್ಲಿದ್ದ ಕ್ರಮದಲ್ಲೇ ಸ್ಕ್ಯಾನ್ ಮಾಡಿದ. ಪಿನ್ನು ಹೊಡೆದವನು ನಾನು, ನಿನ್ನ ಆ ಹಸಿರು ಸ್ಟೇಪ್ಲರಿನಿಂದಲೇ. "ರವೀಂದ್ರ ಸಾರ್‌ದು ಮ್ಯಾಲಿರ್ಲಿ ಸಾ," ಎಂದು ಹುಡುಗಿ ಕೇಳಿಕೊಂಡಳು. ಸಮಾರಂಭದ ಆಹ್ವಾನ ಪತ್ರಿಕೆಯಲ್ಲಿ ಹೆಸರು ಹಾಕುವಂತೆ ನಾನು ಹಿರಿತನದ ಪ್ರಕಾರ ಜೋಡಿಸಿದೆ. ನಾನು, ತಹಸೀಲ್ದಾರರು, ಕೆಂಪಣ್ಣ, ಉಳಿದವರು. ಕಡೆಗೆ ನೀನು. ನಿನ್ನ ಪತ್ರ ಓದಿದ್ದೆ, ಸಪ್ಪೆ ಅನ್ನಿಸಿತ್ತು.

ಮೊನ್ನೆ ಹೊನ್ನಪ್ಪ ಬಂದು ಎಡಗೈಯಲ್ಲಿ ಎರಡು ಅಚ್ಚು ಬೆಲ್ಲ ಕೊಟ್ಟ. "ನಿಮ್ದಾದ್ರೂ ಓದವ್ರಲ್ಲ ಸಾ, ಅಷ್ಟೇ ಸಾಕು," ಅಂದ. ತೆಗೆದುಕೊಂಡೆ. ಅವನು ಹೋದಮೇಲೆ ನನ್ನ ಪತ್ರದ ನಕಲನ್ನು ತೆಗೆದು ಓದಿದೆ. ನನ್ನ ಸೇವೆ, ನನ್ನ ಶಿಷ್ಯರು, ನನ್ನ ಭಾಷಣಗಳು. ರಂಜಿತ ಮೊದಲ ಸಲ ಕಾಣಿಸಿಕೊಳ್ಳುವುದು ಮೂರನೆಯ ಪುಟದಲ್ಲಿ, ನನ್ನ ಸಹಿಗಿಂತ ಸ್ವಲ್ಪ ಮೇಲೆ.