ಡ್ಯೂಟಿ ಚಾರ್ಟಿನ ಕೊನೆಯ ಸಾಲು

ಭಾನುವಾರ, ಮಧ್ಯಾಹ್ನ

ನನ್ನ ಹಟಮಾರಿ ಚೂಟಿಗೆ,

ಅಮ್ಮನ ನೆನಪುಗಳು. ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದು ಕೇಳುವುದಿಲ್ಲ, ಕೇಳಿದರೂ ನೀನು ನಿಜ ಹೇಳುವವಳಲ್ಲ. ಆ ಗುಣ ಎಲ್ಲಿಂದ ಬಂತು ಎಂಬುದು ಮುಂದಿನ ಸಾಲಿನಲ್ಲೇ ಗೊತ್ತಾಗುತ್ತದೆ.

ಹೋದ ಬುಧವಾರ ಫೋನಿನಲ್ಲಿ ನೀನು, ಆ ಮನುಷ್ಯ ಮನೆ ಕಡೆ ಏನಾದರೂ ಬಂದಿದ್ದರಾ ಎಂದು ಕೇಳಿದೆ. ಇಲ್ಲವೇ ಇಲ್ಲ ಎಂದೆ. ಸುಳ್ಳು. ನಾನು ಹಾಗೆನ್ನುವಾಗ ನಿಮ್ಮಪ್ಪ ನನ್ನ ಎದುರಿಗೇ ಕುಳಿತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಬಿಸ್ಕತ್ತು ತುಂಡಾಗಿ ಲೋಟದೊಳಗೆ ಬಿತ್ತು, ಚಮಚ ಕೊಡು ಎಂದು ನನಗೆ ಸನ್ನೆ ಮಾಡಿದರು. ಮೂರು ವಾರದಿಂದ ದಿನಾ ಸಂಜೆ ಬರುತ್ತಿದ್ದಾರೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಆಮೇಲೆ ಮುಂದೆ ಓದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ಮಾತು ಬಂದ ಕೂಡಲೇ ನಿನಗೆ ಯಾರೋ ರೋಗಿ ಕಾಯುತ್ತಿರುತ್ತಾರೆ. ಊರವರ ಮಂಡಿಯನ್ನೆಲ್ಲ ಬಗ್ಗಿಸುವ ಫಿಸಿಯೋಥೆರಪಿಸ್ಟ್ ನೀನು, ನಿನ್ನ ಹಟ ಬಗ್ಗಿಸುವವರು ಇನ್ನೂ ಹುಟ್ಟಿಲ್ಲ. ನನ್ನ ಕಥೆಯೂ ಅಷ್ಟೆ. ದಂತವೈದ್ಯರ ಪಕ್ಕ ನಿಂತು ದಿನವಿಡೀ ಕಂಡವರ ಬಾಯಿ ತೆರೆಸುತ್ತೇನೆ, ಹೆತ್ತ ಮಗಳ ಹತ್ತಿರ ಬಾಯಿ ಬಿಡಲು ಧೈರ್ಯವಿಲ್ಲ. ಅದಕ್ಕೇ ಈ ಕಾಗದ.

ಮೊದಲಿನಿಂದ ಹೇಳುತ್ತೇನೆ. ಕಳೆದ ತಿಂಗಳು ಒಂದು ಸೋಮವಾರ ನಾನು ಯಾರದೋ ದವಡೆಗೆ ಹತ್ತಿ ಒತ್ತಿ ಹಿಡಿದಿದ್ದಾಗ ನಿಮ್ಮಪ್ಪನ ಬಸ್ ಡಿಪೋದಿಂದ ಫೋನು ಬಂತು. ಹಾರನ್ ಮಾಮ. ಚಿಕ್ಕಂದಿನಲ್ಲಿ ನಿನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿಕೊಂಡು ಹಾರನ್ ಒತ್ತಿಸುತ್ತಿದ್ದನಲ್ಲ, ಅದೇ ಡ್ರೈವರ್. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಅತ್ತಿಗೆ, ಸ್ವಲ್ಪ ಬರಬೇಕಿತ್ತು ಎಂದ. ನಾನು ಯಾಕೆ ಬರಲಿ ಎಂದೆ. ಅಣ್ಣನ ಸರ್ವಿಸ್ ಪುಸ್ತಕದಲ್ಲಿ ತುರ್ತಿಗೆ ಯಾರನ್ನು ಕರೆಯಬೇಕು ಅನ್ನುವ ಜಾಗದಲ್ಲಿ ನಿಮ್ಮ ನಂಬರೇ ಇದೆ ಎಂದ. ಐದು ವರ್ಷ ಬೇರೆ ಇದ್ದರೂ ಅವರು ಅದನ್ನು ತಿದ್ದಿಸಿರಲಿಲ್ಲ.

ನಿಮ್ಮಪ್ಪನ ಕೆಲಸ ನಿನಗೆ ಗೊತ್ತಿದ್ದದ್ದೇ. ನಾನೂರು ಡ್ರೈವರು ಕಂಡಕ್ಟರುಗಳಲ್ಲಿ ಯಾವ ದಿನ ಯಾರು ಯಾವ ಬಸ್ಸು, ಯಾರಿಗೆ ವಾರದ ರಜೆ ಎಂದು ಡ್ಯೂಟಿ ಚಾರ್ಟ್ ಹಾಕುವುದು. ಕಂಪ್ಯೂಟರ್ ಬಂದ ಮೇಲೂ ಅವರದು ಮೊದಲು ದೊಡ್ಡ ಹಾಳೆ, ಪೆನ್ಸಿಲ್, ಸ್ಕೇಲು. ಒಬ್ಬೊಬ್ಬರ ಎದೆಯ ಮೇಲಿನ ಬಿಲ್ಲೆ ಸಂಖ್ಯೆಗಳೆಲ್ಲ ಬಾಯಿಪಾಠ. ಯಾರ ಹೆಂಡತಿ ತುಂಬು ಬಸುರಿ, ಯಾರಿಗೆ ಬೆಳಗಿನ ಪಾಳಿ ಆಗದು, ಯಾರ ಜೊತೆ ಯಾರನ್ನು ಹಾಕಿದರೆ ಬಸ್ಸಿನಲ್ಲೇ ಕುಸ್ತಿ ಶುರುವಾಗುತ್ತದೆ, ಎಲ್ಲ ತಲೆಯಲ್ಲಿ. ಆ ಚಾರ್ಟಿನಲ್ಲಿ ಒಬ್ಬರ ಹೆಸರು ಮಾತ್ರ ಇರುತ್ತಿರಲಿಲ್ಲ, ಅದನ್ನು ಬರೆಯುವವರದು. ನನಗೊಂದು ಸಾಲೇ ಇಲ್ಲ, ರಜೆ ಎಲ್ಲಿ ಬರೆದುಕೊಳ್ಳಲಿ ಎಂದು ತಮಾಷೆ ಮಾಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನೂ ಅದಕ್ಕೆ ನಕ್ಕಿದ್ದೇನೆ.

ಆ ಸೋಮವಾರ ಬೆಳಗಿನ ಮೊದಲ ಬಸ್ಸು ಹೊರಡಲೇ ಇಲ್ಲ. ಚಾರ್ಟ್ ನೋಡಿದರೆ ಅಕ್ಷರ ಮುತ್ತಿನಂತೆ, ಪಾಳಿ ಸರಿ, ರಜೆ ಸರಿ. ಆದರೆ ಅದರಲ್ಲಿದ್ದ ಅರವತ್ತಕ್ಕೂ ಹೆಚ್ಚು ಜನ ಆಗಲೇ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾರೆ. ಮೊದಲ ಬಸ್ಸಿಗೆ ಹಾಕಿದ್ದ ಬಿಲ್ಲೆ ೧೧೪ರ ಡ್ರೈವರ್ ತೀರಿಕೊಂಡು ಮೂರು ವರ್ಷವಾಗಿದೆ. ಐದು ವರ್ಷದ ಹಿಂದಿನ ಡಿಪೋಗೆ ಆ ಚಾರ್ಟಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ.

ನಾನು ಹೋದಾಗ ಮ್ಯಾನೇಜರ್ ಎದುರು ಹಾರನ್ ಮಾಮ ತಲೆ ತಗ್ಗಿಸಿ ಇನ್ನೊಂದು ವಿಷಯ ಒಪ್ಪಿಕೊಂಡ. ಎಂಟು ತಿಂಗಳಿಂದ ಚಾರ್ಟಿನಲ್ಲಿ ಎಡವಟ್ಟು ಕಂಡಾಗಲೆಲ್ಲ ಡ್ರೈವರುಗಳೇ ತಮ್ಮೊಳಗೆ ಪಾಳಿ ಬದಲಿಸಿಕೊಳ್ಳುತ್ತಿದ್ದರಂತೆ, ಇವನು ನಿಮ್ಮಪ್ಪನ ಕಣ್ಣಿಗೆ ಬೀಳದಂತೆ ಚಾರ್ಟನ್ನು ತಿದ್ದಿಡುತ್ತಿದ್ದನಂತೆ. ಈ ಚಾರ್ಟ್ ಹಾಕಿದ ಹಿಂದಿನ ವಾರ ಅವನೇ ಸೊಂಟ ಹಿಡಿದು ರಜೆಯಲ್ಲಿದ್ದ, ಅಂದಷ್ಟೇ ಕೆಲಸಕ್ಕೆ ಮರಳಿದ್ದ. ನಿಮ್ಮಪ್ಪ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ನನ್ನನ್ನು ನೋಡಿ, ಅಯ್ಯೋ ನೀನ್ಯಾಕೆ ಕೆಲಸ ಬಿಟ್ಟು ಬಂದೆ ಎಂದರು, ಬೆಳಿಗ್ಗೆಯಷ್ಟೇ ಮನೆಯಲ್ಲಿ ಬಿಟ್ಟು ಬಂದವಳನ್ನು ಕೇಳುವ ಹಾಗೆ.

ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಗಡಿಯಾರ ಬರೆಯಿರಿ ಎಂದರೆ ಎಲ್ಲ ಅಂಕಿಗಳನ್ನೂ ಒಂದೇ ಪಕ್ಕಕ್ಕೆ ಗುಡ್ಡೆ ಹಾಕಿದರು. ಮನೆಯಲ್ಲಿ ಎಷ್ಟು ಜನ ಎಂಬುದಕ್ಕೆ ಮಾತ್ರ ತಟ್ಟನೆ, ಮೂರು ಎಂದರು. ಸ್ಕ್ಯಾನು, ರಕ್ತ, ಇನ್ನಷ್ಟು ಪ್ರಶ್ನೆಗಳು, ಎಲ್ಲ ಮುಗಿದ ಮೇಲೆ ಡಾಕ್ಟರು ಆಲ್‌ಝೈಮರ್ ಎಂದರು. ಐವತ್ನಾಲ್ಕಕ್ಕೇ ಬರುತ್ತದಾ ಎಂದೆ. ಕೆಲವರಿಗೆ ಬರುತ್ತದೆ ಎಂದರು. ಹಾಗಾದರೆ ಐದು ವರ್ಷದ ಹಿಂದಿನ ಅವರ ಸಿಡುಕು, ಕಲ್ಲು ಮನಸ್ಸು, ಅದೂ ಈ ಕಾಯಿಲೆಯದ್ದೇನಾ ಎಂದು ಕೇಳಿದೆ. ಇದ್ದರೂ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು. ಹೌದು ಅಂದಿದ್ದರೆ ಕ್ಷಮಿಸಿಬಿಡುತ್ತಿದ್ದೆ, ಇಲ್ಲ ಅಂದಿದ್ದರೆ ಎದ್ದು ಬರುತ್ತಿದ್ದೆ. ಎರಡಕ್ಕೂ ದಾರಿಯಿಲ್ಲದೆ ಮಾತ್ರೆ ಚೀಟಿ ಹಿಡಿದು ಹೊರಗೆ ಬಂದೆ.

ಅದಾದ ಎರಡನೇ ದಿನ ಸಂಜೆ ಬಾಗಿಲಲ್ಲಿ ಕರಕರ ಸದ್ದು. ತೆಗೆದರೆ ಇವರು, ಕೈಯಲ್ಲಿ ಹಳೆಯ ಬೀಗದಕೈ. ಅವರು ಮನೆ ಬಿಟ್ಟ ಮಾರನೆಯ ದಿನವೇ ನಾನು ಹೊಸ ಬೀಗ ಹಾಕಿಸಿದ್ದೆನಲ್ಲ, ಅದಕ್ಕೆ ಅದು ಹೇಗೆ ಹೊಂದೀತು. ತಿರುಗ್ತಾನೇ ಇಲ್ಲ, ಒಂದು ತೊಟ್ಟು ಎಣ್ಣೆ ಬಿಡಬಾರದಾ ಎಂದು ನನ್ನನ್ನೇ ಗದರಿದರು. ಒಳಗೆ ಬಂದು ಚಪ್ಪಲಿಯನ್ನು ಅದೇ ಮೂಲೆಯಲ್ಲಿ ಬಿಟ್ಟು, ಅದೇ ಕುರ್ಚಿಯಲ್ಲಿ ಕುಳಿತು, ಚೂಟಿ ಕಾಲೇಜಿಂದ ಬಂದ್ಲಾ ಎಂದರು. ಬರುತ್ತಾಳೆ ಎಂದೆ.

ಅಂದಿನಿಂದ ಇದೇ. ಸಂಜೆ ಡ್ರೈವರುಗಳಲ್ಲಿ ಒಬ್ಬರು ಇವರನ್ನು ನಮ್ಮ ನಿಲ್ದಾಣದಲ್ಲಿ ಇಳಿಸಿ, ಇವರು ತಿರುವು ದಾಟುವವರೆಗೂ ಬಸ್ಸು ನಿಲ್ಲಿಸಿಕೊಂಡು ನೋಡುತ್ತಾರೆ. ಎಂಟಕ್ಕೆ ಇನ್ನೊಬ್ಬರು ಬಂದು, ಅಣ್ಣ, ಡಿಪೋದಲ್ಲಿ ಅರ್ಜೆಂಟು ಕೆಲಸ ಎಂದು ಕರೆದುಕೊಂಡು ಹೋಗಿ ಇವರಿರುವ ಡಿಪೋ ಕ್ವಾರ್ಟರ್ಸಿನಲ್ಲಿ ಮಲಗಿಸುತ್ತಾರೆ. ಡಿಪೋ ಎಂದರೆ ಸಾಕು, ಈಗಲೂ ಇವರು ಕೂತಲ್ಲಿಂದ ಎದ್ದೇಬಿಡುತ್ತಾರೆ. ಯಾರು ಯಾವ ದಿನ ಎಂದು ಹಾರನ್ ಮಾಮ ಒಂದು ಪಟ್ಟಿ ಮಾಡಿಕೊಂಡಿದ್ದಾನೆ.

ನಿನ್ನ ಹತ್ತಿರ ಮುಚ್ಚಿಡುವುದೇನು, ಚೂಟಿ. ಐದು ವರ್ಷ ಈ ಮನೆಯಲ್ಲಿ ನಾನು ಹೆಚ್ಚುಕಡಿಮೆ ಒಬ್ಬಳೇ ಇದ್ದೆ, ನೀನು ರಜೆಗೆ ಬಂದರೆ ಬಂದೆ. ಆಗ ಒಂಟಿ ಅನ್ನಿಸುತ್ತಿರಲಿಲ್ಲ, ಜೊತೆಗೆ ಸಿಟ್ಟಿತ್ತು. ಪಾತ್ರೆ ತೊಳೆಯುತ್ತಾ ಅವರಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟಿದ್ದೆ, ಒಂದು ದಿನ ಬಂದು ತಪ್ಪಾಯಿತು ಅನ್ನಲಿ, ಆಗ ನೋಡಿಕೊಳ್ಳುತ್ತೇನೆ ಎಂದು. ಈಗ ಎದುರಿಗೇ ಕೂತಿದ್ದಾರೆ, ಆದರೆ ಜಗಳ ಆಡಿದವರು ಅಲ್ಲಿಲ್ಲ. ಆ ಜಗಳವನ್ನು ಹೊತ್ತುಕೊಂಡವಳು ನಾನೊಬ್ಬಳೇ. ಇಷ್ಟು ಒಂಟಿತನ ನನಗೆ ಎಂದೂ ಆಗಿರಲಿಲ್ಲ.

ಆ ದಿನದ ಮಾತನ್ನು ನಾವಿಬ್ಬರೂ ಇಲ್ಲಿಯವರೆಗೆ ಎತ್ತಿಲ್ಲ. ಒಮ್ಮೆ ಬರೆದುಬಿಡುತ್ತೇನೆ. ನಿನಗೆ ಹತ್ತೊಂಬತ್ತು. ಅಪೆಂಡಿಕ್ಸ್ ಒಡೆದು ಆಸ್ಪತ್ರೆಯಲ್ಲಿ ಮಲಗಿದ್ದೆ. ಎರಡು ದಿನ ಜ್ವರದಲ್ಲೂ ಅಪ್ಪ ಬಂದ್ರಾ ಎಂದೇ ಕೇಳುತ್ತಿದ್ದೆ. ಅವರು ಡಿಪೋ ಬಿಟ್ಟು ಅಲ್ಲಾಡಲಿಲ್ಲ, ಹನ್ನೆರಡು ಡ್ರೈವರುಗಳು ಒಟ್ಟಿಗೇ ರಜೆ ಹಾಕಿದ್ದರಂತೆ. ಮೂರನೇ ದಿನ ಬಂದಾಗ ನಾನು ಕೂಗಾಡಿದೆ. ನಿನ್ನ ಮಂಚದ ಪಕ್ಕವೇ ನಿಂತು ಅವರು ಅಂದದ್ದು ನಿನಗೂ ಕೇಳಿಸಿತ್ತು. “ನಾನೂರು ಮನೆ ನನ್ನ ತಲೆ ಮೇಲಿದೆ. ನಿಮ್ಮದೊಂದು ಹೇಗೋ ನಡೆಯುತ್ತೆ.” ನೀನು ಮನೆಗೆ ಬಂದ ವಾರವೇ ಇಸ್ತ್ರಿ ಮಾಡಿದ ಆರು ಅಂಗಿ ಹಿಡಿದು ಕ್ವಾರ್ಟರ್ಸಿಗೆ ಹೋದರು. ನೀನು ಅವತ್ತಿನಿಂದ ಅವರನ್ನು ಅಪ್ಪ ಎಂದಿಲ್ಲ.

ಹೋದ ಮಂಗಳವಾರ ನನಗೆ ತಡೆಯಲಾಗಲಿಲ್ಲ. ಅವರ ತಟ್ಟೆಗೆ ಬಡಿಸುತ್ತಾ, ನಮ್ಮ ಕ್ಲಿನಿಕ್ಕಿಗೆ ಬರುವ ಒಬ್ಬಳ ಕಥೆ ಎಂದು ಎಲ್ಲವನ್ನೂ ಹೇಳಿದೆ. ಮಗಳು ಸಾಯುವ ಹಾಗಿದ್ದರೂ ಗಂಡ ಕೆಲಸ ಬಿಟ್ಟು ಬರಲಿಲ್ಲವಂತೆ, ಬಂದವನು ಹೀಗೆ ಅಂದನಂತೆ, ಈಗ ವಾಪಸ್ಸು ಬರುತ್ತೇನೆ ಅನ್ನುತ್ತಿದ್ದಾನಂತೆ ಎಂದೆ. ಅವರು ಊಟ ನಿಲ್ಲಿಸಿದರು. ಆಮೇಲೆ, “ಅಂಥವನನ್ನ ಮನೆಗೆ ಸೇರಿಸ್ಬಾರದು ಕಣೇ” ಎಂದರು.

ಹೆಚ್ಚುಕಡಿಮೆ ನಿನ್ನದೇ ಮಾತು. ನೀನೂ ಬುಧವಾರ ಅದನ್ನೇ ಅಂದೆ, ಸೇರಿಸಿಕೊಂಡರೆ ನಾನು ಆ ಮನೆಗೆ ಕಾಲಿಡುವುದಿಲ್ಲ ಎಂದೆ. ಅಪ್ಪ ಮಗಳು ಇಬ್ಬರದೂ ಒಂದೇ ತೀರ್ಪು. ನಾನೇನೋ ಗೆದ್ದೆ ಅನ್ನಿಸಬೇಕಿತ್ತು. ಅವರು ಮುಂದಿನ ತುತ್ತು ಎತ್ತಲಾರದೆ ಕೂತದ್ದನ್ನು ನೋಡಿ ನಾಚಿಕೆಯಾಯಿತು.

ಗುರುವಾರ ಬಂದವರು ಹಾಳೆ ಕೊಡು ಎಂದರು. ಹಾಳೆ, ಪೆನ್ಸಿಲ್, ಸ್ಕೇಲು ಕೊಟ್ಟರೆ ಮಗುವಿನಂತೆ ಒಂದು ಗಂಟೆ ಸುಮ್ಮನಿರುತ್ತಾರೆ, ನನಗೂ ಕೈಕೆಲಸ ಆಗುತ್ತದೆ. ಅಂದೂ ಹಳೆಯ ಬಿಲ್ಲೆಗಳನ್ನೇ ಬರೆದರು, ೧೧೪ಕ್ಕೆ ಮೊದಲ ಬಸ್ಸು. ಎಲ್ಲ ಮುಗಿದ ಮೇಲೆ ಅಡಿಯಲ್ಲಿ ಇನ್ನೊಂದು ಗೆರೆ ಎಳೆಯತೊಡಗಿದರು. ಸ್ಕೇಲು ಜಾರಿ ಗೆರೆ ಸೊಟ್ಟಗಾಯಿತು, ಅಳಿಸಿ ಮತ್ತೆ ಎಳೆದರು, ಅದೂ ಸೊಟ್ಟ. ಆ ಸಾಲಿನಲ್ಲಿ ತಮ್ಮ ಹೆಸರು ಬರೆದು ಎರಡು ದಿನದ ಮನೆಗಳಲ್ಲಿ ರಜೆ, ರಜೆ ಎಂದು ತುಂಬಿದರು. ಇದೇನು ಎಂದು ಕೇಳಿದೆ.

“ಚೂಟಿ ಆಸ್ಪತ್ರೆಲಿದ್ದಾಳಲ್ಲ. ಈ ಸಲ ನಾನೂ ರಜೆ ಹಾಕ್ಕೊಂಡೆ.”

ಈ ಸಲ ಎಂದರೆ ಏನು, ಮೊದಲ ಸಲ ನೆನಪಿದೆಯಾ ಎಂದು ಕೇಳಿದೆ. ಅಷ್ಟರಲ್ಲಿ ಅವರು ಪೆನ್ಸಿಲ್ ಚೂಪು ಮಾಡುವುದರಲ್ಲಿ ಮುಳುಗಿದ್ದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ. ಮಂಗಳವಾರದ ನನ್ನ ಕಥೆ ಎಲ್ಲೋ ನಾಟಿತೋ, ಅಥವಾ ಆ ತಲೆಯೊಳಗೆ ತಾನಾಗಿಯೇ ಆ ದಿನ ಮೇಲೆ ಬಂತೋ ತಿಳಿಯದು. ತಪ್ಪಾಯಿತು ಎಂದು ಅವರು ಹೇಳಿಲ್ಲ, ಇನ್ನು ಹೇಳುವುದೂ ಇಲ್ಲ. ನನಗೆ ಸಿಕ್ಕಿದ್ದು ಆ ಸೊಟ್ಟ ಗೆರೆಯ ಒಂದು ಸಾಲು. ಅದು ನನಗೆ ಸೇರಿದ್ದಲ್ಲ, ನಿನಗೆ. ಹಾಳೆಯನ್ನು ಮಡಿಸಿ ಇದರ ಜೊತೆ ಇಟ್ಟಿದ್ದೇನೆ. ಅಂದಿನಿಂದ, ಅವಳು ಹೇಗಿದ್ದಾಳೆ ಎಂದು ಕೇಳಿದಾಗಲೆಲ್ಲ ನಾಳೆ ಮನೆಗೆ ಬಿಡುತ್ತಾರೆ ಎನ್ನುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ತಿಂಗಳ ಕೊನೆಗೆ ಅವರು ಕೆಲಸ ಬಿಡಬೇಕು, ಕ್ವಾರ್ಟರ್ಸೂ ಖಾಲಿ ಮಾಡಬೇಕು. ನಿಮ್ಮಪ್ಪನ ಅಕ್ಕ, ನಿನ್ನ ಅತ್ತೆ, ಇಂಥವರನ್ನು ನೋಡಿಕೊಳ್ಳುವ ಒಂದು ಆಶ್ರಮ ನೋಡಿ ಬಂದಿದ್ದಾರೆ. ಚೊಕ್ಕವಾಗಿದೆಯಂತೆ, ಗೇಟಿಗೆ ಒಳಗಿನಿಂದ ತೆರೆಯಲಾಗದ ಚಿಲಕವಿದೆಯಂತೆ. ಅಲ್ಲಿಗೆ ಕಳಿಸುವುದೋ, ಇಲ್ಲಿ ನಿನ್ನ ಕೋಣೆಯ ಪಕ್ಕದ ಮಂಚದಲ್ಲಿ ಮಲಗಿಸುವುದೋ. ಗಂಡನನ್ನು ಸೇರಿಸಿಕೊಳ್ಳಲು ಹೋಗಿ ಮಗಳನ್ನು ಕಳೆದುಕೊಳ್ಳುವ ಶಕ್ತಿ ನನಗಿಲ್ಲ. ನೀನು ಬೇಡ ಎಂದರೆ ಬೇಡ, ಅತ್ತೆಗೆ ಹೂಂ ಎಂದುಬಿಡುತ್ತೇನೆ. ನಾನಿನ್ನೂ ಏನನ್ನೂ ತೀರ್ಮಾನಿಸಿಲ್ಲ. ಬೇಗ ಬರೆ.

ಚಳಿ ಶುರುವಾಗಿದೆ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ಸೋಮವಾರ ಬೆಳಿಗ್ಗೆ, ಅಂಚೆಗೆ ಹಾಕುವ ಮುಂಚೆ: ಕೊನೆಯಲ್ಲಿ ಬರೆದದ್ದು ಪೂರ್ತಿ ನಿಜವಲ್ಲ. ಶುಕ್ರವಾರವೇ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಹಳೆಯ ಬೀಗ ಇಳಿಸಿ, ರಿಪೇರಿಯವನನ್ನು ಕರೆಸಿ ಬಾಗಿಲಿಗೆ ಅದನ್ನೇ ಹಾಕಿಸಿದೆ. ಅಂದು ಸಂಜೆ ಅವರು ತಾವೇ ಬಾಗಿಲು ತೆಗೆದುಕೊಂಡು ಒಳಗೆ ಬಂದರು, ಎಣ್ಣೆ ಬಿಟ್ಟಿದ್ದು ಒಳ್ಳೆಯದಾಯಿತು ಎಂದರು. ನಿನ್ನ ಹತ್ತಿರ ಇರುವ ಬೀಗದಕೈ ಇನ್ನು ಈ ಬಾಗಿಲಿಗೆ ಆಗುವುದಿಲ್ಲ. ಕಾಲೇಜಿಗೆ ಹೋಗುವಾಗ ನೀನು ಇಟ್ಟುಕೊಳ್ಳುತ್ತಿದ್ದ ಹಳೆಯದು, ಕೆಂಪು ದಾರ ಕಟ್ಟಿದ್ದು, ನನ್ನ ಹೊಲಿಗೆ ಡಬ್ಬಿಯಲ್ಲಿತ್ತು. ಲಕೋಟೆಯ ತಳದಲ್ಲಿ ಅಂಟಿಸಿದ್ದೇನೆ, ಹರಿಯುವಾಗ ಜೋಪಾನ.