ಅಪ್ಪನ ಖಾತೆಯಿಂದ ಬರುವ ಅಳತೆಗಳು

ತಮ್ಮಾ,

ಊಟ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೋ. ನಂದು ಬೆಳಗಿನ ಪಾಳಿ.

ಸತ್ತ ಅಪ್ಪನ ಸೋಶಿಯಲ್ ಮೀಡಿಯಾ ಖಾತೆಯಿಂದ ನಮ್ಮ ಟೈಲರ್ ಅಂಗಡಿ ಜಾಹೀರಾತು ಕಳಿಸೋಕೆ ನಿನಗೆ ಮನಸ್ಸಾದರೂ ಹೇಗೆ ಬಂತೋ? ಒಂದೇ ಸಾಲು ಇನ್ನೂರು ಜನಕ್ಕೆ, ದಿನಕ್ಕೆ ಐದು ಸಲ, ಯಾರದೋ ಮದುವೆ ಫೋಟೋ ಕೆಳಗೂ! ಅದಕ್ಕೇ ಸ್ಪ್ಯಾಮ್ ಅನ್ನೋದು. ನಾನೇ ದೂರು ಕೊಟ್ಟೆ. ಆ ಆ್ಯಪ್ ಕಂಪನಿಯವರು ಅದನ್ನೆಲ್ಲ ಅಳಿಸಿದ್ದಾರೆ.

ಆದರೆ ಅದೇ ಖಾತೆಯಿಂದ ಜನಕ್ಕೆ ಅವರವರ ಮೈಯಳತೆ ಹೋಗ್ತಿದೆಯಲ್ಲ, ಅದನ್ನ ಮಾತ್ರ ಹಾಗೇ ಬಿಟ್ಟಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದೇ, ಒಂದರ ಥರ ಇನ್ನೊಂದಿಲ್ಲ, ಹಾಗಾಗಿ ಸ್ಪ್ಯಾಮ್ ಅಲ್ಲವಂತೆ.

ಅದೂ ನಿಂದೇ ಕಿತಾಪತಿ, ಅಪ್ಪನ ಅಳತೆ ಪುಸ್ತಕ ನೋಡಿ ಕಳಿಸ್ತಿದೀಯ ಅಂದ್ಕೊಂಡಿದ್ದೆ. ಪುಸ್ತಕ ತೆಗೆದು ನೋಡಿದೆ, ತಾಳೆ ಆಗಲ್ಲ. ಎದುರುಮನೆ ಮೇಷ್ಟ್ರ ಸೊಂಟ ಎರಡು ಇಂಚು ಕಡಿಮೆ ಬಂದಿದೆ. ಮೇಷ್ಟ್ರು ಕಾಯಿಲೆ ಬಿದ್ದು ಸೊರಗಿದ್ದು ಅಪ್ಪ ಹೋದ ಮೇಲೆ.

ನಿನ್ನೆ ನನಗೂ ಬಂತು: "ತೋಳಿನ ಸುತ್ತಳತೆ ಅರ್ಧ ಇಂಚು ಇಳಿದಿದೆ. ಸರಿಯಾಗಿ ಊಟ ಮಾಡು ಮಗಳೇ." ಅಪ್ಪನ ಅಳತೆ ಟೇಪು ಹಿಡಿದು ನೋಡ್ಕೊಂಡೆ. ಕರಾರುವಾಕ್ಕಾಗಿ ಅಷ್ಟೇ ಇತ್ತು.

ಅಪ್ಪನ ಫೋನು ಆಫ್ ಮಾಡಿ ಬೀರುವಲ್ಲಿಟ್ಟು ಬೀಗ ಹಾಕಿದೀನಿ. ಟೇಪು ರಾತ್ರಿ ಮೊಳೆಗೇ ನೇತುಹಾಕಿದ್ದೆ, ಈಗ ಅಲ್ಲಿಲ್ಲ. ನೀನಂತೂ ಇನ್ನೂ ಎದ್ದಿಲ್ಲ.

ಚಪ್ಪಲಿ ಮೆಟ್ಟುವಾಗ ಇನ್ನೊಂದು ಬಂತು, ನಿನ್ನ ಬಗ್ಗೆ: "ಮುದುರಿಕೊಂಡು ಮಲಗಿದಾನೆ, ಅಳತೆ ಸಿಗ್ತಿಲ್ಲ. ಎದ್ದ ಮೇಲೆ ನೆಟ್ಟಗೆ ನಿಂತ್ಕೊಳ್ಳೋಕೆ ಹೇಳು."

ನಿಂತ್ಕೋ, ತಮ್ಮಾ. ಅಲುಗಾಡಿದ್ರೆ ಅಪ್ಪನಿಗೆ ಸಿಟ್ಟು ಬರುತ್ತೆ, ಗೊತ್ತಲ್ಲ.

ಅಕ್ಕ